ಅಟ್ಟದ ಮೇಲಿನ ಚೌಕಳಿ ಚೀಲ

ತೀರ್ಥಹಳ್ಳಿಯ ಹತ್ತಿರದ ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಒಂದು ದೊಡ್ಡ ಚೀಲವಿದೆ. ಪ್ಲಾಸ್ಟಿಕ್ ದಾರದಲ್ಲಿ ನೇಯ್ದದ್ದು, ಕೆಂಪು ನೀಲಿ ಬಿಳಿಯ ಚೌಕಳಿ, ಮೇಲೆ ಉದ್ದಕ್ಕೆ ಜಿಪ್ಪು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹಬ್ಬಕ್ಕೆ ಊರಿಗೆ ಹೊರಟವರ ತಲೆಯ ಮೇಲೆ ಇಂಥ ಚೀಲಗಳನ್ನು ನಾವೆಲ್ಲರೂ ನೋಡಿದ್ದೇವೆ. ಈ ಚೀಲದ ಜಿಪ್ಪು ಎಂದೋ ಕಿತ್ತುಹೋಗಿದೆ. ಒಳಗೆ ಹಳೆಯ ಎರಡು ಕಂಬಳಿ, ಮೇಲೆ ಇಲಿ ಕಡಿದ ತೂತು. ಹೋದ ವರ್ಷ ಗಣೇಶನ ಹಬ್ಬಕ್ಕೆ ಅಟ್ಟ ಗುಡಿಸುವಾಗ ಇದನ್ನು ಎಸೆಯಲೇ ಎಂದು ಕೇಳಿದೆ. ಕೆಳಗೆ ಏಣಿ ಹಿಡಿದು ನಿಂತಿದ್ದ ದೊಡ್ಡಪ್ಪ, "ಬೇಡ ಮಾರಾಯ, ಅದಕ್ಕೊಂದು ಹೆಸರಿದೆ" ಎಂದರು.

ಹೆಸರು 'ಘಾನಾ ಮಸ್ಟ್ ಗೋ'. ಘಾನಾದವರು ಹೊರಡಲೇಬೇಕು ಎಂದು ಅರ್ಥ. ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿ ಯಾವ ಸಂತೆಗೆ ಹೋಗಿ ಈ ಹೆಸರು ಹೇಳಿದರೂ ಅಂಗಡಿಯವನು ಇದೇ ಚೀಲವನ್ನು ತೆಗೆದು ಕೊಡುತ್ತಾನಂತೆ.

ದೊಡ್ಡಪ್ಪ 1978ರಿಂದ 1984ರವರೆಗೆ ನೈಜೀರಿಯಾದ ಕಾನೊ ರಾಜ್ಯದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಅಲ್ಲಿನ ಸರ್ಕಾರ 1976ರಲ್ಲಿ ಎಲ್ಲ ಮಕ್ಕಳಿಗೂ ಉಚಿತ ಪ್ರಾಥಮಿಕ ಶಿಕ್ಷಣವೆಂದು ಘೋಷಿಸಿದ ಮೇಲೆ ಶಾಲೆಗಳು ತುಂಬಿ, ಮೇಷ್ಟ್ರುಗಳು ಸಾಲದೇ ಹೋದರು. ಭಾರತದಿಂದ, ಘಾನಾದಿಂದ, ಇನ್ನೂ ಎಲ್ಲೆಲ್ಲಿಂದಲೋ ಶಿಕ್ಷಕರನ್ನು ಕರೆಸಿಕೊಂಡರು. ಹೌಸಾ ಭಾಷೆಯ ಮಕ್ಕಳು ದೊಡ್ಡಪ್ಪನನ್ನು 'ಮಾಲಂ' ಎಂದು ಕರೆಯುತ್ತಿದ್ದರು. ಮಾಲಂ ಎಂದರೆ ಮೇಷ್ಟ್ರು. ಆಗ ಅಲ್ಲಿನ ನಾಣ್ಯವಾದ ಒಂದು ನೈರಾ ಕೊಟ್ಟರೆ ಒಂದೂ ಮುಕ್ಕಾಲು ಡಾಲರ್ ಬರುತ್ತಿತ್ತು. ಇಂದು ಒಂದು ಡಾಲರಿಗೆ ಸಾವಿರಕ್ಕೂ ಹೆಚ್ಚು ನೈರಾ ಕೊಡಬೇಕು. ಇದನ್ನು ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು, ತಮ್ಮದೇ ಊರಿನ ಸಾವಿನ ಸುದ್ದಿ ಕೇಳಿದವರಂತೆ.

ಆ ಚೀಲದ ಕಥೆ ಕೇಳಿದಂದಿನಿಂದ ನೈಜೀರಿಯಾ ನನ್ನನ್ನು ಬಿಟ್ಟಿಲ್ಲ. ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಇಪ್ಪತ್ತೆರಡು ಕೋಟಿಗೂ ಹೆಚ್ಚು ಜನರ ದೇಶ ಅದು. ಆಫ್ರಿಕಾದ ಪ್ರತಿ ಆರೇಳು ಜನರಲ್ಲಿ ಒಬ್ಬರು ಅಲ್ಲಿಯವರು. 'ಆಫ್ರಿಕಾದ ದೈತ್ಯ' ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತದೆ. ಇಡೀ ಖಂಡದ ಪರವಾಗಿ ಮಾತನಾಡುವ ಹಕ್ಕು ತನ್ನದೆಂದು ಹುಟ್ಟಿದಂದಿನಿಂದ ನಂಬಿಕೊಂಡು ಬಂದ ದೇಶ. ಆ ನಂಬಿಕೆಯನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಜಗಳವಿದೆ, ಏಕೆಂದರೆ ಅದಕ್ಕಾಗಿ ಆ ದೇಶ ತೆತ್ತ ಬೆಲೆ ಸಣ್ಣದಲ್ಲ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ. ಪತ್ರಿಕೆಗಳಲ್ಲಿ 'ದೊಡ್ಡಣ್ಣ' ಎಂದು ಬರೆದರೆ ಗದರಿಸುವವನು, ಸಣ್ಣ ದೇಶಗಳ ಕಿವಿ ಹಿಂಡುವವನು ಎಂದು ಅರ್ಥವಾಗುತ್ತದೆ. ಆದರೆ ಮನೆಯ ಹಿರಿಯಣ್ಣ ಬೇರೆಯೇ. ತಂಗಿಯರ ಮದುವೆ ಮುಗಿಯುವವರೆಗೆ ತನ್ನ ಮದುವೆಯ ಮಾತೆತ್ತದವನು ಅವನು. ಪಾಲಾಗುವ ದಿನ ನೀರಿರುವ ಅಡಿಕೆ ತೋಟವನ್ನು ತಮ್ಮನಿಗೆ ಬಿಟ್ಟು ತಾನು ಮಕ್ಕಿಗದ್ದೆ ಇಟ್ಟುಕೊಂಡವನು. ನೈಜೀರಿಯಾ ಹಿರಿಯಣ್ಣನಾಗಲು ಹೊರಟಿತ್ತು. ಅಕ್ಕಪಕ್ಕದವರ ಕಣ್ಣಿಗೆ ಎಷ್ಟೋ ಸಲ ದೊಡ್ಡಣ್ಣನಂತೆ ಕಂಡಿತು. ನನ್ನನ್ನು ಹಿಡಿದಿಟ್ಟಿರುವುದು ಈ ಎರಡರ ನಡುವಿನ ಅಂತರ.

ಶುರುವಾದದ್ದು ಚೆನ್ನಾಗಿಯೇ. 1960ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ ಬಂತು. ಕೆಲವೇ ವಾರಗಳಲ್ಲಿ ಅದರ ಸೈನಿಕರು ವಿಶ್ವಸಂಸ್ಥೆಯ ಪರವಾಗಿ ಕಾಂಗೋದಲ್ಲಿದ್ದರು. ಸಹಾರಾ ಮರುಭೂಮಿಯಲ್ಲಿ ಫ್ರಾನ್ಸ್ ಮೂರನೆಯ ಅಣುಬಾಂಬ್ ಸಿಡಿಸಿದ ಮೇಲೆ, 1961ರ ಜನವರಿಯಲ್ಲಿ, ಹುಟ್ಟಿ ಮೂರು ತಿಂಗಳಾಗಿದ್ದ ಆ ದೇಶ ಫ್ರಾನ್ಸ್‌ನ ರಾಯಭಾರಿಯನ್ನು ಹೊರಗೆ ಕಳುಹಿಸಿತು. ಮೂರು ತಿಂಗಳ ಕೂಸು! 1964ರಲ್ಲಿ ಟಾಂಗನಿಕಾದ, ಅಂದರೆ ಇಂದಿನ ಟಾಂಜಾನಿಯಾದ, ಸೇನೆ ದಂಗೆ ಎದ್ದಾಗ ಅಲ್ಲಿನ ಅಧ್ಯಕ್ಷ ನ್ಯೆರೆರೆ ಬ್ರಿಟಿಷರ ನೆರವು ಕೇಳಬೇಕಾಯಿತು. ಆ ಬ್ರಿಟಿಷ್ ಪಡೆಗಳನ್ನು ಬಿಡಿಸಿ ಕಾವಲಿಗೆ ನಿಂತವರು ನೈಜೀರಿಯಾದ ಸೈನಿಕರು. ಇಲ್ಲಿ ನಮ್ಮ ಪಾಲೂ ಒಂದಿಷ್ಟಿದೆ. ಅದೇ 1964ರಲ್ಲಿ ಕಡುನಾದಲ್ಲಿ ತೆರೆದ ನೈಜೀರಿಯಾದ ರಕ್ಷಣಾ ಅಕಾಡೆಮಿಯನ್ನು ಕಟ್ಟಿ ನಿಲ್ಲಿಸಿದವರು ಭಾರತೀಯ ಸೇನಾಧಿಕಾರಿಗಳು. ಅದಕ್ಕೆ ಎರಡು ವರ್ಷ ಮೊದಲು ನೆಹರೂ ಅಲ್ಲಿಗೆ ಹೋಗಿ ಬಂದಿದ್ದರು.

ಆಮೇಲೆ ದೇಶದ ಆಗ್ನೇಯ ಭಾಗ ಬಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾಗಲು ಹೊರಟು, 1967ರಿಂದ 1970ರವರೆಗೆ ಅಂತರ್ಯುದ್ಧ ನಡೆಯಿತು. ಹಸಿವಿನಿಂದ ಹೊಟ್ಟೆ ಊದಿದ ಮಕ್ಕಳ ಚಿತ್ರಗಳನ್ನು ಜಗತ್ತು ಕಂಡದ್ದು ಆಗ. ಟಾಂಜಾನಿಯಾ, ಜಾಂಬಿಯಾ, ಗಬಾನ್, ಐವರಿ ಕೋಸ್ಟ್‌ಗಳು ಬಯಾಫ್ರಾವನ್ನು ಪ್ರತ್ಯೇಕ ದೇಶವೆಂದೇ ಮಾನ್ಯ ಮಾಡಿದವು. ಅಂದರೆ ನೈಜೀರಿಯಾ ಮುರಿದು ಹೋದರೂ ಅಡ್ಡಿಯಿಲ್ಲ ಎಂದುಕೊಂಡವರು ಆಫ್ರಿಕಾದಲ್ಲೇ ಇದ್ದರು. ಇದನ್ನು ನೈಜೀರಿಯಾ ಮರೆಯಲಿಲ್ಲ, ಆದರೆ ಮುನಿಸಿಕೊಂಡು ಕೂರಲೂ ಇಲ್ಲ. ಯುದ್ಧ ಮುಗಿದ ಐದು ವರ್ಷಕ್ಕೆ, 1975ರ ಮೇ 28ರಂದು, ಹದಿನೈದು ದೇಶಗಳನ್ನು ಲಾಗೋಸ್‌ಗೆ ಕರೆದು ಪಶ್ಚಿಮ ಆಫ್ರಿಕಾದ ಆರ್ಥಿಕ ಸಮುದಾಯವನ್ನು, ಎಲ್ಲರೂ ಎಕೋವಾಸ್ ಎನ್ನುವ ಒಕ್ಕೂಟವನ್ನು, ಕಟ್ಟಿತು. ಐವರಿ ಕೋಸ್ಟ್ ಕೂಡ ಅದರಲ್ಲಿತ್ತು. ಮರುವರ್ಷ ಜನವರಿಯಲ್ಲಿ ಅಡಿಸ್ ಅಬಾಬದಲ್ಲಿ ಆಫ್ರಿಕಾದ ನಾಯಕರ ಸಭೆಯಲ್ಲಿ, ಆಗ ನೈಜೀರಿಯಾವನ್ನು ಆಳುತ್ತಿದ್ದ ಜನರಲ್ ಮುರ್ತಾಲಾ ಮೊಹಮ್ಮದ್ ಎದ್ದು ನಿಂತು, ಆಫ್ರಿಕಾ ಈಗ ಪ್ರಾಯಕ್ಕೆ ಬಂದಿದೆ, ಹೊರಗಿನ ಯಾವ ಶಕ್ತಿಯ ಸುತ್ತಲೂ ಅದು ಇನ್ನು ತಿರುಗುವುದಿಲ್ಲ ಎಂದರು. ಅಂಗೋಲಾದ ವಿಷಯದಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ಆಫ್ರಿಕಾದ ನಾಯಕರಿಗೆಲ್ಲ ಪತ್ರ ಬರೆದು ಬುದ್ಧಿ ಹೇಳಿದ್ದಕ್ಕೆ ಅದು ಉತ್ತರ. ಒಂದೇ ತಿಂಗಳಲ್ಲಿ ಮುರ್ತಾಲಾ ಲಾಗೋಸ್‌ನ ರಸ್ತೆಯಲ್ಲಿ ಗುಂಡೇಟಿಗೆ ಸತ್ತರು.

ದೊಡ್ಡಪ್ಪ ಅಲ್ಲಿಗೆ ಹೋಗಿ ಇಳಿದದ್ದು ಈ ಹುರುಪಿನ ಕಾಲದಲ್ಲಿ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಹೋರಾಡುವವರಿಗಾಗಿ ಅಲ್ಲಿ ನಿಧಿಯೊಂದಿತ್ತು. ಸರ್ಕಾರಿ ನೌಕರರ ಸಂಬಳದಿಂದ ಅದಕ್ಕೆ ಹಣ ಹೋಗುತ್ತಿತ್ತು. ಜನ ಅದನ್ನು 'ಮಂಡೇಲಾ ತೆರಿಗೆ' ಎನ್ನುತ್ತಿದ್ದರು. ವಿದ್ಯಾರ್ಥಿಗಳು ಮಧ್ಯಾಹ್ನದ ಊಟ ಬಿಟ್ಟು ಕಾಸು ಹಾಕಿದ್ದರು. 1979ರಲ್ಲಿ, ದಕ್ಷಿಣ ಆಫ್ರಿಕಾಕ್ಕೆ ತೈಲ ಹೋಗುತ್ತದೆಂಬ ಕಾರಣಕ್ಕೆ, ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯ ನೈಜೀರಿಯಾದ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡಿತು. ದಕ್ಷಿಣ ಆಫ್ರಿಕಾದಿಂದ ಸಾವಿರಾರು ಕಿಲೋಮೀಟರ್ ದೂರವಿದ್ದರೂ ನೈಜೀರಿಯಾವನ್ನು 'ಮುಂಚೂಣಿ ರಾಷ್ಟ್ರ' ಎಂದು ಕರೆಯುತ್ತಿದ್ದುದು ಇದಕ್ಕಾಗಿಯೇ. ಮುಂದೆ ಅದೇ ದಕ್ಷಿಣ ಆಫ್ರಿಕಾದ ಬೀದಿಗಳಲ್ಲಿ ನೈಜೀರಿಯಾದವರ ಅಂಗಡಿಗಳಿಗೆ ಬೆಂಕಿ ಬಿತ್ತು. 2019ರ ಸೆಪ್ಟೆಂಬರಿನಲ್ಲಿ ತನ್ನವರನ್ನು ನೈಜೀರಿಯಾ ವಿಮಾನದಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು. ಊಟ ಬಿಟ್ಟು ಕಾಸು ಹಾಕಿದ ಆ ವಿದ್ಯಾರ್ಥಿಗಳಿಗೆ ಅಷ್ಟು ಹೊತ್ತಿಗೆ ಅರವತ್ತರ ಆಸುಪಾಸು. ಟಿವಿಯ ಮುಂದೆ ಕುಳಿತು ಅದನ್ನು ನೋಡಿದಾಗ ಅವರಿಗೆ ಏನನಿಸಿರಬಹುದು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಆದರೆ ಬೀದಿಗೆ ತಳ್ಳುವ ಕೆಲಸವನ್ನು ನೈಜೀರಿಯಾವೂ ಮಾಡಿತ್ತು. ಚೀಲದ ಕಥೆ ಅದೇ.

ದೊಡ್ಡಪ್ಪನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಘಾನಾದ ಕುಮಾಸಿಯವರೊಬ್ಬರಿದ್ದರು. ಇಬ್ಬರಿಗೂ ಒಂದೇ ವಠಾರದಲ್ಲಿ ಮನೆ. ದೊಡ್ಡಪ್ಪನ ಸಾರಿನ ಪುಡಿ ಅವರಿಗೆ ಬಹಳ ಹಿಡಿಸಿತ್ತಂತೆ. ಘಾನಾದಲ್ಲಿ ಆಗ ಬರಗಾಲ, ಬೆಲೆಯೇರಿಕೆ. ನೈಜೀರಿಯಾದಲ್ಲಿ ತೈಲದ ದುಡ್ಡು ಹರಿಯುತ್ತಿತ್ತು. ಎಕೋವಾಸ್ 1979ರಲ್ಲೇ ಒಪ್ಪಂದ ಮಾಡಿಕೊಂಡು, ಒಂದು ದೇಶದವರು ಇನ್ನೊಂದು ದೇಶಕ್ಕೆ ವೀಸಾ ಇಲ್ಲದೆ ಬಂದು ತೊಂಬತ್ತು ದಿನ ಇರಬಹುದು ಎಂದಿತ್ತು. ಬಂದವರಲ್ಲಿ ಬಹಳ ಮಂದಿ ತೊಂಬತ್ತು ದಿನ ಕಳೆದ ಮೇಲೂ ಅಲ್ಲೇ ಉಳಿದರು. ಗಾರೆ ಕೆಲಸ, ಹೊಲಿಗೆ, ಬೇಕರಿ, ಮೇಷ್ಟ್ರುಗಿರಿ, ಎಲ್ಲ ಕಡೆ ಘಾನಾದವರು. ಅಷ್ಟರಲ್ಲಿ ತೈಲದ ಬೆಲೆ ಇಳಿಯಿತು. ಕೆಲಸ ಸಿಗದವರಿಗೆ ಕಣ್ಣೆದುರು ಕಂಡದ್ದು ಹೊರಗಿನವರು. 1983 ಚುನಾವಣೆಯ ವರ್ಷ ಬೇರೆ. ಜನವರಿ 17ರಂದು ಅಧ್ಯಕ್ಷ ಶೆಹು ಶಗಾರಿ ಅವರ ಸರ್ಕಾರ, ಕಾಗದಪತ್ರವಿಲ್ಲದ ಹೊರದೇಶದವರು ಎರಡು ವಾರದೊಳಗೆ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿತು.

ಎರಡು ವಾರ. ಹೊರಡಬೇಕಾದವರಲ್ಲಿ ಘಾನಾದವರೇ ಹತ್ತು ಲಕ್ಷದಷ್ಟು. ಕುಮಾಸಿಯ ಮೇಷ್ಟ್ರಿಗೆ ಕಾಗದಪತ್ರ ಇತ್ತೋ ಇಲ್ಲವೋ ದೊಡ್ಡಪ್ಪನಿಗೆ ಇಂದಿಗೂ ತಿಳಿಯದು. ಅವರು ಕೇಳಲಿಲ್ಲ. "ಕೇಳಿದರೆ ನಾನೂ ಪೊಲೀಸನಾದ ಹಾಗೆ" ಎಂದುಕೊಂಡರಂತೆ. ಇಬ್ಬರೂ ಕಾನೊದ ಮಾರುಕಟ್ಟೆಗೆ ಹೋದರು. ಚೌಕಳಿ ಚೀಲದ ಬೆಲೆ ಒಂದೇ ವಾರದಲ್ಲಿ ಇಮ್ಮಡಿಯಾಗಿತ್ತು, ಚೌಕಾಸಿಗೆ ಅಂಗಡಿಯವನು ಬಗ್ಗಲಿಲ್ಲ. ದೊಡ್ಡಪ್ಪ ಎರಡು ಚೀಲ ಕೊಂಡು, ಎರಡನ್ನೂ ಗೆಳೆಯನ ಕೈಗೆ ಕೊಟ್ಟರು. ಗೆಳೆಯ ಒಂದನ್ನು ಮಾತ್ರ ತುಂಬಿದರು. ತುಂಬುವಷ್ಟು ಸಾಮಾನು ಇನ್ನೊಂದಕ್ಕೆ ಇರಲಿಲ್ಲ, ಅಥವಾ ಲಾರಿಯಲ್ಲಿ ಜಾಗ ಇರಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಯ ಅವರ ಮೇಜಿನ ಮೇಲೆ ಮಕ್ಕಳ ನೋಟುಪುಸ್ತಕಗಳ ಅಡಕಲು ಹಾಗೇ ಇತ್ತು. ಮೇಲಿನ ಹತ್ತೊಂಬತ್ತಕ್ಕೆ ಕೆಂಪು ಶಾಯಿಯ ತಿದ್ದುಪಡಿ. ಇಪ್ಪತ್ತನೆಯದರಲ್ಲಿ ಅರ್ಧ ಪುಟದವರೆಗೆ. ಉಳಿದವನ್ನು ಗಣಿತದ ಮೇಷ್ಟ್ರಾದ ನಮ್ಮ ದೊಡ್ಡಪ್ಪ ತಮಗೆ ತಿಳಿದ ಇಂಗ್ಲಿಷಿನಲ್ಲಿ ತಿದ್ದಿ ಮುಗಿಸಿದರು.

ಹೊರಟವರ ಪಾಡು ರಸ್ತೆಯಲ್ಲಿ ಇನ್ನೂ ಕೆಟ್ಟಿತು. ಘಾನಾ ತಾನೇ ಟೋಗೊ ಕಡೆಯ ಗಡಿಯನ್ನು ಮುಚ್ಚಿಕೊಂಡಿತ್ತು. ಹಾಗಾಗಿ ಟೋಗೊ, ಬೆನಿನ್ ದೇಶಗಳೂ ಗಡಿಯಲ್ಲಿ ಜನರನ್ನು ತಡೆದವು. ಗಡಿ ತೆರೆಯುವವರೆಗೆ ಲಕ್ಷಾಂತರ ಜನ ದಾರಿಯಲ್ಲಿ, ಬಂದರಿನಲ್ಲಿ, ತಮ್ಮ ಚೀಲಗಳ ಮೇಲೆಯೇ ಕುಳಿತು ಕಾದರು. ಮಾತಿಗೆ ಹೇಳುವುದಾದರೆ 1969ರಲ್ಲಿ ಘಾನಾ ಕೂಡ ಇದೇ ರೀತಿ ನೈಜೀರಿಯಾದವರನ್ನು ಓಡಿಸಿತ್ತು, ಆ ಗಾಯವೂ ಇತ್ತು. ಆದರೂ ಎಲ್ಲರನ್ನೂ ಒಂದೇ ಅಂಗಳಕ್ಕೆ ಕರೆದು ಕೂರಿಸಿದವರು ತಾವೇ ಆಗಿರುವಾಗ, ಬಂದವರನ್ನು ಎರಡೇ ವಾರದಲ್ಲಿ ಎಬ್ಬಿಸಿ ಕಳುಹಿಸಿದ್ದನ್ನು ನಾನು ಹಳೆಯ ಸೇಡಿನ ಲೆಕ್ಕಕ್ಕೆ ಹಾಕಿ ಮನ್ನಿಸಲಾರೆ. ಇಂದು ನೈಜೀರಿಯಾದಲ್ಲೇ ಆ ಚೀಲದ ಹೆಸರು ರಾಜಕಾರಣಿಗಳು ಲಂಚದ ನೋಟು ತುಂಬಿ ಸಾಗಿಸುವ ಚೀಲಕ್ಕೂ ಅಂಟಿಕೊಂಡಿದೆ.

ಲೈಬೀರಿಯಾದ ಕಥೆ ಇನ್ನೂ ತೊಡಕಿನದು. 1990ರ ಆಗಸ್ಟಿನಲ್ಲಿ ಆ ದೇಶ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯುತ್ತಿದ್ದಾಗ ಜಗತ್ತಿನ ಗಮನವೆಲ್ಲ ಕುವೈತ್ ಕಡೆಗಿತ್ತು. ಎಕೋವಾಸ್‌ನ ಶಾಂತಿಪಡೆ ಎಕೋಮಾಗ್ ಅದರ ರಾಜಧಾನಿ ಮನ್ರೋವಿಯಾಕ್ಕೆ ಹೋಯಿತು. ಸೈನಿಕರಲ್ಲಿ, ಖರ್ಚಿನಲ್ಲಿ ಬಹುಪಾಲು ನೈಜೀರಿಯಾದ್ದೇ. ಆಮೇಲೆ ಸಿಯೆರಾ ಲಿಯೋನ್. ನೂರಾರು ಸೈನಿಕರು ಸತ್ತರು. ಅವರಿಂದ ಎಷ್ಟೋ ಜೀವಗಳು ಉಳಿದವು, ಇದರಲ್ಲಿ ಅನುಮಾನವಿಲ್ಲ. ಆದರೆ ಲೂಟಿಯೂ ನಡೆಯಿತು. ಎಕೋಮಾಗ್‌ನ ಅಕ್ಷರಗಳನ್ನು ಬಿಡಿಸಿ ಲೈಬೀರಿಯಾದ ಜನ ಹೇಳುತ್ತಿದ್ದ ಅರ್ಥ: ಕಾರಾಗಲಿ, ಅಲುಗಾಡುವ ಯಾವುದೇ ವಸ್ತುವಾಗಲಿ, ಎಲ್ಲ ಹೋಯಿತು. ಉಪಕಾರ ಪಡೆದವರ ಬಾಯಲ್ಲೇ ಹುಟ್ಟಿದ ಮಾತಿದು. 1998ರಲ್ಲಿ ಸಿಯೆರಾ ಲಿಯೋನ್‌ನ ಚುನಾಯಿತ ಅಧ್ಯಕ್ಷ ಕಬ್ಬಾರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ್ದು ನೈಜೀರಿಯಾದ ಸೇನೆ. ಅದನ್ನು ಕಳುಹಿಸಿದವರು ಸರ್ವಾಧಿಕಾರಿ ಸಾನಿ ಅಬಾಚಾ. ಅದೇ ಹೊತ್ತಿಗೆ ಸ್ವದೇಶದಲ್ಲಿ 1993ರ ಚುನಾವಣೆ ಗೆದ್ದಿದ್ದ ಅಬಿಯೋಲಾ ಸೆರೆಮನೆಯಲ್ಲಿದ್ದರು. ಲೇಖಕ ಕೆನ್ ಸಾರೊ ವಿವಾ ಮತ್ತು ಎಂಟು ಜನರನ್ನು 1995ರಲ್ಲಿ ಗಲ್ಲಿಗೇರಿಸಿ, ಕಾಮನ್‌ವೆಲ್ತ್‌ನಿಂದ ಅಮಾನತಾಗಿತ್ತು ಆ ದೇಶ. ನೆರೆಮನೆಯ ಜಗಳ ಬಿಡಿಸಲು ಹೋದವನ ಸ್ವಂತ ಮನೆಯಿಂದ ಅಳು ಕೇಳುತ್ತಿತ್ತು.

ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ನೆನೆಯುವುದು, ಬಹಳ ಮಂದಿ ಎಣಿಕೆಗೇ ತೆಗೆದುಕೊಳ್ಳದ ಇನ್ನೊಂದು ಸಂಗತಿ. ಬಕಾಸಿ ಎಂಬುದು ಗಿನಿ ಕೊಲ್ಲಿಗೆ ಚಾಚಿದ ಒಂದು ತುಂಡು ನೆಲ. ಕಾಂಡ್ಲಾ ಮರಗಳ ಜೌಗು, ಕೈತುಂಬ ಮೀನು, ಸುತ್ತಲ ಕಡಲಿನಲ್ಲಿ ತೈಲದ ಆಸೆ. ಅಲ್ಲಿದ್ದ ಜನರಲ್ಲಿ ಹೆಚ್ಚಿನವರು ನೈಜೀರಿಯಾದ ಮೀನುಗಾರರು. ಅದು ತನ್ನದೆಂದು ಕ್ಯಾಮರೂನ್ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1913ರಲ್ಲಿ ಬ್ರಿಟನ್ ಮತ್ತು ಜರ್ಮನಿ ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಒಪ್ಪಂದವನ್ನು ಆಧರಿಸಿ 2002ರ ಅಕ್ಟೋಬರಿನಲ್ಲಿ ತೀರ್ಪು ಕ್ಯಾಮರೂನ್ ಪರವಾಗಿ ಬಂತು. ಜನಬಲದಲ್ಲಿ ಹಲವು ಪಟ್ಟು ದೊಡ್ಡದಾದ, ಸೇನೆ ಅಲ್ಲೇ ಬೀಡುಬಿಟ್ಟಿದ್ದ ನೈಜೀರಿಯಾ ಮೊದಲು ಗೊಣಗಿತು, ತೀರ್ಪನ್ನು ಒಪ್ಪುವುದಿಲ್ಲವೆಂದಿತು. ಅದನ್ನು ಹೊರಗಟ್ಟುವ ಶಕ್ತಿ ಯಾರಿಗೂ ಇರಲಿಲ್ಲ. ಆದರೆ ಮಾತುಕತೆ ಮುಂದುವರಿಯಿತು. 2006ರ ಜೂನಿನಲ್ಲಿ ಅಧ್ಯಕ್ಷ ಒಬಾಸಾಂಜೊ ಒಪ್ಪಂದಕ್ಕೆ ಸಹಿ ಹಾಕಿದರು, ಆಗಸ್ಟಿನಲ್ಲಿ ಸೈನಿಕರು ಬಾವುಟ ಇಳಿಸಿ ಹೊರಟರು, 2008ರ ಆಗಸ್ಟಿನಲ್ಲಿ ಉಳಿದ ಜಾಗವೂ ಕ್ಯಾಮರೂನ್‌ನ ಕೈಸೇರಿತು. ನಡುವೆ ನಿಂತು ಇದನ್ನು ಮಾಡಿಸಿದವರು ವಿಶ್ವಸಂಸ್ಥೆಯ ಕೋಫಿ ಅನ್ನಾನ್. ಅವರೂ ಘಾನಾದವರು, ಅವರೂ ಕುಮಾಸಿಯಲ್ಲಿ ಹುಟ್ಟಿದವರು.

ನಮ್ಮ ಕಡೆ ಒಂದು ಗುಂಟೆ ತೋಟಕ್ಕಾಗಿ ಮೂರು ತಲೆಮಾರು ಕೋರ್ಟಿಗೆ ಅಲೆಯುವವರನ್ನು ನೋಡಿ ಬೆಳೆದವನು ನಾನು. ಒಂದು ದೇಶ, ಅದೂ ದೊಡ್ಡ ದೇಶ, ಗುಂಡು ಹಾರಿಸದೆ ನೆಲ ಬಿಟ್ಟುಕೊಟ್ಟಿತು ಎಂಬುದು ನನಗೆ ಇಂದಿಗೂ ಬೆರಗು. ಇದರ ಬೆಲೆ ತೆತ್ತವರು ರಾಜಧಾನಿ ಅಬುಜಾದ ದೊಡ್ಡವರಲ್ಲ, ಬಕಾಸಿಯ ಮೀನುಗಾರರು. ಮನೆ, ದೋಣಿ ಬಿಟ್ಟು ಬಂದ ಎಷ್ಟೋ ಕುಟುಂಬಗಳಿಗೆ ಸರಿಯಾದ ಪುನರ್ವಸತಿ ಸಿಗಲಿಲ್ಲ. ಶರಾವತಿಯಲ್ಲಿ ಮುಳುಗಡೆಯಾದವರ ನಡುವೆ ಬೆಳೆದ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದರೂ ಆಫ್ರಿಕಾದ ಹಿರಿತನಕ್ಕೆ ನೈಜೀರಿಯಾ ತೋರಿಸಬಹುದಾದ ಅತಿ ಗಟ್ಟಿ ದಾಖಲೆ ಬಕಾಸಿಯೇ ಎಂದು ನನ್ನ ನಂಬಿಕೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆಫ್ರಿಕಾಕ್ಕೆ ಎರಡು ಕಾಯಂ ಸ್ಥಾನ ಬೇಕೆಂದು ಖಂಡದ ದೇಶಗಳು 2005ರಲ್ಲೇ ಒಮ್ಮತಕ್ಕೆ ಬಂದಿವೆ. ಆ ಸ್ಥಾನಕ್ಕೆ ಕಣ್ಣಿಟ್ಟವರಲ್ಲಿ ನೈಜೀರಿಯಾದ ಜೊತೆ ದಕ್ಷಿಣ ಆಫ್ರಿಕಾ, ಈಜಿಪ್ಟ್‌ಗಳೂ ಇವೆ. ನೈಜೀರಿಯಾದವರು ಭಾಷಣದಲ್ಲಿ ಮೊದಲು ಹೇಳುವುದು ಮಾತ್ರ ಜನಸಂಖ್ಯೆಯನ್ನು.

ಆ ಜನಸಂಖ್ಯೆಯನ್ನೂ ಸರಿಯಾಗಿ ಎಣಿಸಿಲ್ಲ. ಕೊನೆಯ ಜನಗಣತಿ ನಡೆದದ್ದು 2006ರಲ್ಲಿ, ಆಗ 14 ಕೋಟಿ. ಉತ್ತರದವರು ಹೆಚ್ಚೋ ದಕ್ಷಿಣದವರು ಹೆಚ್ಚೋ ಎಂಬುದರ ಮೇಲೆ ಸಂಸತ್ತಿನ ಸ್ಥಾನ, ತೈಲದ ಹಣದ ಪಾಲು ನಿಂತಿರುವುದರಿಂದ ಪ್ರತಿ ಗಣತಿಯೂ ಜಗಳವಾಗುತ್ತದೆ. 1973ರ ಗಣತಿಯನ್ನು ರದ್ದೇ ಮಾಡಿದ್ದರು. 2023ಕ್ಕೆಂದು ಸಿದ್ಧವಾಗಿದ್ದ ಗಣತಿ ಮುಂದಕ್ಕೆ ಹೋಯಿತು.

ಮತ್ತೆ ಕರೆಂಟು. ಇಪ್ಪತ್ತೆರಡು ಕೋಟಿ ಜನರ ಆ ದೇಶದ ಗ್ರಿಡ್‌ನಲ್ಲಿ ಸಾಮಾನ್ಯವಾಗಿ ಹರಿಯುವುದು ನಾಲ್ಕೈದು ಸಾವಿರ ಮೆಗಾವಾಟ್. ಬೇಸಿಗೆಯಲ್ಲಿ ನಮ್ಮ ಕರ್ನಾಟಕವೊಂದರ ಬೇಡಿಕೆಯೇ 17 ಸಾವಿರ ಮೆಗಾವಾಟ್ ದಾಟುತ್ತದೆ. ಹಳೆಯ ವಿದ್ಯುತ್ ಮಂಡಳಿಯ ಹೆಸರು ನೆಪಾ. ಆ ಸಂಸ್ಥೆ ಹೆಸರು ಬದಲಿಸಿ, ಬಹುಪಾಲು ಖಾಸಗಿಯವರ ಕೈಸೇರಿ ವರ್ಷಗಳಾಗಿವೆ. ಆದರೂ ಹೋದ ಕರೆಂಟು ಬಂದೊಡನೆ ಓಣಿಯ ಮಕ್ಕಳು ಇಂದಿಗೂ "ಅಪ್ ನೆಪಾ!" ಎಂದು ಒಟ್ಟಿಗೆ ಕೂಗುತ್ತಾರೆ. ದೊಡ್ಡಪ್ಪ ಅದನ್ನು ಕೂಗಿ ತೋರಿಸಿದರು. ಎಪ್ಪತ್ತೆಂಟರ ಆ ಗಂಟಲಿನಲ್ಲಿ ಹತ್ತು ವರ್ಷದ ಹುಡುಗರ ಸಂತೋಷವಿತ್ತು. ಕರೆಂಟು ಇಲ್ಲದ ಹೊತ್ತಿಗೆ ಮನೆಮನೆಯಲ್ಲೂ ಅಂಗಡಿಯಲ್ಲೂ ಜನರೇಟರ್. ಅವುಗಳಲ್ಲಿ ಅತಿ ಚಿಕ್ಕದಕ್ಕೆ, ಬಡವರೂ ಕೊಳ್ಳಬಹುದಾದುದಕ್ಕೆ, ಜನ ಇಟ್ಟ ಹೆಸರು 'ಐ ಬೆಟರ್ ಪಾಸ್ ಮೈ ನೇಬರ್'. ನೆರೆಮನೆಯವನಿಗಿಂತ ನಾನೇ ವಾಸಿ ಎಂದರ್ಥ.

ಇಂಥ ದೇಶ ನೆರೆಯ ನೈಜರ್‌ಗೆ ಕರೆಂಟು ಮಾರುತ್ತದೆ. ನೈಜರ್‌ನ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೈಜೀರಿಯಾದಿಂದಲೇ ಬರುತ್ತಿತ್ತು. ಇತ್ತ ನೈಜೀರಿಯಾದ ಕೈಂಜಿ ಅಣೆಕಟ್ಟೆಗೆ ನೀರು ಹರಿದು ಬರುವುದು ನೈಜರ್ ದೇಶದ ಮೂಲಕ. ಗಡಿಯ ಎರಡೂ ಕಡೆ ಹೌಸಾ ಜನ, ಒಂದೇ ಮಾತು, ಒಂದೇ ಮದುವೆಮನೆ. 2023ರ ಜುಲೈ 26ರಂದು ನೈಜರ್‌ನಲ್ಲಿ ಸೇನೆ ಅಧ್ಯಕ್ಷ ಬಜೂಮ್ ಅವರನ್ನು ಸೆರೆಯಲ್ಲಿಟ್ಟು ಅಧಿಕಾರ ಕಸಿದುಕೊಂಡಿತು. ಎಕೋವಾಸ್‌ನ ಅಧ್ಯಕ್ಷತೆ ಆಗ ನೈಜೀರಿಯಾದ ಅಧ್ಯಕ್ಷ ಬೋಲಾ ಟಿನುಬು ಅವರ ಕೈಗೆ ಬಂದು ಮೂರು ವಾರ ಕೂಡ ಆಗಿರಲಿಲ್ಲ. ಏಳು ದಿನದ ಗಡುವು, ತಪ್ಪಿದರೆ ಸೇನಾಬಲ ಎಂಬ ಎಚ್ಚರಿಕೆ, ಗಡಿ ಬಂದ್, ಕರೆಂಟು ಕಟ್. ನೈಜರ್‌ನ ರಾಜಧಾನಿ ನಿಯಾಮಿ ಕತ್ತಲಲ್ಲಿ ಮುಳುಗಿತು. ಆಹಾರ ಹೊತ್ತ ಲಾರಿಗಳು ಗಡಿಯಲ್ಲಿ ಸಾಲುಗಟ್ಟಿ ನಿಂತವು, ಒಳಗಿನ ಮಾಲು ಕೊಳೆಯಿತು. ಯುದ್ಧ ಬೇಡವೆಂದು ಮೊದಲು ಹೇಳಿದವರು ನೈಜೀರಿಯಾದ ಉತ್ತರದವರೇ. ಸೆನೆಟ್ ಒಪ್ಪಲಿಲ್ಲ. ಗಡುವು ಕಳೆಯಿತು, ಸೇನೆ ಹೋಗಲಿಲ್ಲ. ಹೋಗದೇ ಇದ್ದದ್ದು ಪುಣ್ಯ.

ಕ್ಷಿಪ್ರಕ್ರಾಂತಿಯನ್ನು ವಿರೋಧಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಸೇನಾಧಿಕಾರಿಗಳ ಮೇಲೆ ನನಗೆ ಎಳ್ಳಷ್ಟೂ ಮಮತೆಯಿಲ್ಲ. ಆದರೆ ಕರೆಂಟು ಹೋದದ್ದು ಅವರ ಬಂಗಲೆಯಲ್ಲಲ್ಲ, ಆಸ್ಪತ್ರೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ. ಕತ್ತಲೆಯ ಕಷ್ಟ ನೈಜೀರಿಯಾದವರಷ್ಟು ಚೆನ್ನಾಗಿ ಬಲ್ಲವರು ಇನ್ನಾರಿದ್ದಾರೆ? ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಒಟ್ಟಾಗಿ ಎಕೋವಾಸ್ ಬಿಡುವುದಾಗಿ ಘೋಷಿಸಿ, 2025ರ ಜನವರಿ 29ರಂದು ಅಧಿಕೃತವಾಗಿ ಹೊರನಡೆದವು. ಲಾಗೋಸ್‌ನಲ್ಲಿ ಹುಟ್ಟಿದ ಮನೆ ಐವತ್ತು ತುಂಬುವ ನಾಲ್ಕು ತಿಂಗಳ ಮೊದಲು ಪಾಲಾಯಿತು. ಇದನ್ನು ಓದುವಾಗ ನನಗೆ ಕಠ್ಮಂಡು, ಢಾಕಾಗಳಲ್ಲಿ ನಮ್ಮ ದೇಶದ ಬಗ್ಗೆ ಆಡುವ ಮಾತುಗಳು ನೆನಪಾದವು. ನಾವು ಕೂಡ ನೆರೆಹೊರೆಯಲ್ಲಿ ದೊಡ್ಡವರೇ.

ಈ ಬರಹಕ್ಕೆ ಕೂರುವ ಮೊದಲು ಊರಿಗೆ ಫೋನ್ ಮಾಡಿದ್ದೆ. ನೈಜರ್ ಕಡೆಯ ಗಡಿ ಈಗ ತೆರೆದಿದೆಯೇ ಎಂದು ದೊಡ್ಡಪ್ಪ ಕೇಳಿದರು. 2024ರ ಮಾರ್ಚಿನಲ್ಲೇ ತೆರೆಯಲು ಆದೇಶವಾಯಿತು ಎಂದೆ. "ಕಾನೊದಿಂದ ಆ ಕಡೆ ಲಾರಿಗಳು ದಿನಾ ಹೋಗುತ್ತಿದ್ದವು. ಶುಕ್ರವಾರ ಮಾತ್ರ ಕಡಿಮೆ" ಎಂದರು. ಆಮೇಲೆ ಕುಮಾಸಿಯ ಗೆಳೆಯನ ಮಾತು ಬಂತು. ಊರು ಮುಟ್ಟಿದ ಮೇಲೆ ಅವರು ಒಂದೇ ಒಂದು ಕಾಗದ ಬರೆದಿದ್ದರಂತೆ. ಅದರಲ್ಲಿ ದಾರಿಯ ಕಷ್ಟದ ಬಗ್ಗೆ ಏನೂ ಇರಲಿಲ್ಲ. ಇಪ್ಪತ್ತನೆಯ ನೋಟುಪುಸ್ತಕದ ಹುಡುಗ ಪ್ರಬಂಧ ಚೆನ್ನಾಗಿ ಬರೆದಿದ್ದ, ಅವನಿಗೆ ಎಷ್ಟು ಅಂಕ ಕೊಟ್ಟಿರಿ ಎಂದು ಕೇಳಿದ್ದರು.

ಎಷ್ಟು ಕೊಟ್ಟಿದ್ದಿರಿ ಎಂದು ನಾನೂ ಕೇಳಿದೆ. ದೊಡ್ಡಪ್ಪನಿಗೆ ನೆನಪಿರಲಿಲ್ಲ. ಚೀಲದ ಜಿಪ್ಪಿನ ಜಾಗಕ್ಕೆ ಗೋಣಿದಾರದಲ್ಲಿ ಹೊಲಿಗೆ ಹಾಕಿಸಿದ್ದೇನೆ, ಇಲಿ ಕಡಿದಲ್ಲಿಗೆ ತೇಪೆಯನ್ನೂ ಹಚ್ಚಿಸಿದ್ದೇನೆ, ಮುಂದಿನ ಸಲ ಬಂದಾಗ ಅದನ್ನು ಮತ್ತೆ ಅಟ್ಟಕ್ಕೆ ಏರಿಸಿಕೊಡು ಎಂದರು.